ಒಂದೇ ಕಲ್ಲಿಗೆ ಮೂರು ಹೆಸರು: ಶಾಸನಗಳ ಪಟ್ಟಿಗೆ ಶಾಶ್ವತ ಗುರುತು ಕೊಡುವುದು ಹೇಗೆ?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನೂ ವೀರಗಲ್ಲುಗಳನ್ನೂ ಹುಡುಕಿ ದಾಖಲಿಸುತ್ತಿದ್ದೇವೆ. ಎಕ್ಸೆಲ್‌ನಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಾಲುಗಳಿವೆ. ಹಳೆಯ ಭಾಗ ನುಡಿ ಅಕ್ಷರಶೈಲಿಯಲ್ಲಿದೆ, ಹೊಸದು ಯೂನಿಕೋಡ್‌ನಲ್ಲಿದೆ. ಒಂದೇ ಕಲ್ಲು ಮೂರು ಹೆಸರಿನಲ್ಲಿ ಮೂರು ಕಡೆ ಸೇರಿಕೊಂಡಿರುವುದು ಇತ್ತೀಚೆಗೆ ಗಮನಕ್ಕೆ ಬಂತು. ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ಸದಸ್ಯರೊಬ್ಬರು ಪ್ರತಿ ಕಲ್ಲಿಗೂ ಯುಆರ್‌ಐ ಎಂಬ, ವೆಬ್ ವಿಳಾಸದಂಥ ಗುರುತು ಕೊಟ್ಟು ಎಲ್ಲವನ್ನೂ ಲಿಂಕ್ಡ್ ಡೇಟಾ ಮಾಡಬೇಕು ಎನ್ನುತ್ತಾರೆ. ಅದಕ್ಕೆ ಬೇಕಾದ ಸರ್ವರ್‌ಗೆ ಒಂದು ಕಂಪನಿ ನಮ್ಮ ಕೈಗೆಟುಕದ ಮೊತ್ತ ಕೇಳಿದೆ. ಇನ್ನೊಬ್ಬರು, ಇದೆಲ್ಲ ಹಳೆಯ ಮಾತು, ಈಗ ಎಐ ತಾನೇ ಅರ್ಥ ಮಾಡಿಕೊಳ್ಳುತ್ತದೆ ಎನ್ನುತ್ತಾರೆ. ಜಿಪಿಎಸ್ ಅಂಕಿಯನ್ನೇ ಗುರುತಾಗಿ ಬಳಸಿದರೆ ಸಾಲದೇ? ವಿಕಿಡೇಟಾ ಎಂಬ ಮುಕ್ತ ದತ್ತಸಂಚಯಕ್ಕೆ ಹಾಕಿದರೆ ಯಾರು ಬೇಕಾದರೂ ತಿದ್ದಿಬಿಡುವುದಿಲ್ಲವೇ? ನಮ್ಮ ನಂತರ ಈ ಕೆಲಸದ ಗತಿ ಏನು?
– ಬಸವನಗುಡಿಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಬುಡದಲ್ಲಿರುವ ಆತಂಕಗಳು ಎರಡು. ಬೇರೆ ಬೇರೆ ಜನ ಬೇರೆ ಬೇರೆ ಹೆಸರಿನಲ್ಲಿ ಬರೆದಿಟ್ಟ ಸಾಲುಗಳು ಒಂದೇ ಕಲ್ಲಿನ ಬಗ್ಗೆ ಹೇಳುತ್ತಿವೆ ಎಂಬುದು ಮನುಷ್ಯರಿಗೂ ಯಂತ್ರಕ್ಕೂ ತಿಳಿಯುವಂತೆ ಮಾಡುವುದು ಹೇಗೆ ಎಂಬುದು ಮೊದಲನೆಯದು. ನಿಮ್ಮ ತಂಡ ಚದುರಿದ ಮೇಲೂ ಆ ತಿಳಿವಳಿಕೆ ಉಳಿಯುತ್ತದೆಯೇ ಎಂಬುದು ಎರಡನೆಯದು. ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳ ಸೂಚಿಗಳನ್ನು ಗಣಕಕ್ಕೆ ಅಳವಡಿಸುವ ಕೆಲಸದಲ್ಲಿ ನಾನು ಕಂಡಂತೆ, ಹೆಚ್ಚಿನ ತಂಡಗಳು ಎರಡನೆಯದಕ್ಕೆ ಹೆದರಿ ದುಬಾರಿ ತಂತ್ರಾಂಶ ಕೊಳ್ಳುತ್ತವೆ, ಮೊದಲನೆಯದನ್ನು ಬಗೆಹರಿಸದೆಯೇ ಬಿಡುತ್ತವೆ. ಅದು ಬಗೆಹರಿಯಬೇಕಾದರೆ ಸರ್ವರ್‌ನ ಮಾತಿಗೆ ಮುಂಚೆ ಒಂದು ನಿರ್ಧಾರವಾಗಬೇಕು: ನೀವು ಸಂಖ್ಯೆ ಕೊಡುತ್ತಿರುವುದು ನಿಖರವಾಗಿ ಯಾವುದಕ್ಕೆ?

ಶಾಸನಗಳ ಮಟ್ಟಿಗೆ ಈ ತೊಂದರೆ ಗಣಕಯಂತ್ರಕ್ಕಿಂತ ಹಳೆಯದು. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಸಂಪುಟ, ತಾಲ್ಲೂಕಿನ ಸಂಕ್ಷಿಪ್ತ ಹೆಸರು ಮತ್ತು ಕ್ರಮಸಂಖ್ಯೆ ಈ ಮೂರೂ ಗೊತ್ತಿದ್ದರೆ ಶಾಸನ ಸಿಕ್ಕಿಬಿಡುತ್ತದೆ; ಬೆಂಗಳೂರು ಜಿಲ್ಲೆಯವು 1905ರ ಒಂಬತ್ತನೆಯ ಸಂಪುಟದಲ್ಲಿವೆ. ವೆಬ್ ಹುಟ್ಟುವ ಎಷ್ಟೋ ಮೊದಲೇ ನಮ್ಮಲ್ಲಿ ಇಷ್ಟು ಶಿಸ್ತಿನ ಗುರುತು ವ್ಯವಸ್ಥೆ ಇತ್ತು ಎಂಬುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಶ್ರವಣಬೆಳಗೊಳದ ಸಂಪುಟದಲ್ಲಿ ಏನಾಯಿತು ನೋಡಿ. 1889ರ ಮೊದಲ ಆವೃತ್ತಿಯಲ್ಲಿ ಇದ್ದದ್ದು 144 ಶಾಸನಗಳು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. ಸೇರಿದವೆಲ್ಲ ಕೊನೆಗೆ ಸೇರದೆ ಸ್ಥಳಕ್ಕೆ ತಕ್ಕಂತೆ ನಡುನಡುವೆ ಸೇರಿದ್ದರಿಂದ ಹಳೆಯ ಸಂಖ್ಯೆಗಳು ಪಲ್ಲಟವಾದವು. ಮಲ್ಲಿಷೇಣ ಮುನಿಯ ಪ್ರಶಸ್ತಿ ಶಾಸನ ಮೊದಲ ಆವೃತ್ತಿಯಲ್ಲಿ 54ನೆಯದು, ಎರಡನೆಯದರಲ್ಲಿ 67ನೆಯದು. ಆದ್ದರಿಂದಲೇ ವಿದ್ವಾಂಸರು ಎರಡೂ ಸಂಖ್ಯೆಗಳನ್ನು ಜೊತೆಯಲ್ಲೇ ಬರೆಯುತ್ತಾರೆ. ಆವೃತ್ತಿ ಯಾವುದೆಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ಓದುಗ ಬೇರೆಯದೇ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ. ನಿಮ್ಮ ಎಕ್ಸೆಲ್‌ನ ಸಾಲಿನ ಸಂಖ್ಯೆಯನ್ನೇ ಗುರುತಾಗಿ ಬಳಸಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ: ಯಾರೋ ಒಬ್ಬರು ಊರಿನ ಹೆಸರಿನ ಪ್ರಕಾರ ಒಮ್ಮೆ ಸಾರ್ಟ್ ಮಾಡಿದರೆ ಸಾಕು, ಎಲ್ಲವೂ ಕದಲಿಹೋಗುತ್ತದೆ.

ಲಿಂಕ್ಡ್ ಡೇಟಾ ಎಂಬುದರ ತಿರುಳು ಅಷ್ಟೇನೂ ಗಹನವಾದುದಲ್ಲ. ಪ್ರತಿ ವಸ್ತುವಿಗೂ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಗುರುತು ಕೊಡಿ, ಆ ಗುರುತು ವೆಬ್ ವಿಳಾಸದ ರೂಪದಲ್ಲಿರಲಿ, ಅಲ್ಲಿಗೆ ಹೋದವರಿಗೆ ಎಲ್ಲರೂ ಒಪ್ಪಿದ ಮಾನಕದಲ್ಲಿ ಉಪಯುಕ್ತ ಮಾಹಿತಿ ಸಿಗಲಿ, ಆ ಮಾಹಿತಿಯಲ್ಲಿ ಇತರರ ಗುರುತುಗಳಿಗೂ ಕೊಂಡಿಗಳಿರಲಿ ಎಂದು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 2006ರಲ್ಲಿ ನಾಲ್ಕು ಸೂತ್ರಗಳಾಗಿ ಹೇಳಿದರು. ಮಾಹಿತಿಯನ್ನು ಬರೆಯುವ ಆರ್‌ಡಿಎಫ್ ಎಂಬ ಮಾನಕವನ್ನು ವರ್ಲ್ಡ್ ವೈಡ್ ವೆಬ್ ಒಕ್ಕೂಟ 1999ರಲ್ಲೇ ಅಂಗೀಕರಿಸಿತ್ತು. ಅದರಲ್ಲಿ ಪ್ರತಿ ಹೇಳಿಕೆಗೂ ಮೂರು ಭಾಗಗಳು, ಉದಾಹರಣೆಗೆ ‘ಈ ಕಲ್ಲು’, ‘ಸಿಕ್ಕಿದ ಊರು’, ‘ಬೇಗೂರು’. ನಡುವಿನ ಸಂಬಂಧಕ್ಕೂ ಅದರದೇ ಗುರುತು ಇರುತ್ತದೆ ಎಂಬುದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ, ಆದರೆ ನಿಮ್ಮಂಥ ಪಟ್ಟಿಗಳಲ್ಲಿ ಗೊಂದಲ ಹೆಚ್ಚಾಗಿ ಹುಟ್ಟುವುದು ಅಲ್ಲೇ. ನಿಮ್ಮಲ್ಲಿ ‘ದಿನಾಂಕ’ ಎಂಬ ಕಾಲಂ ಇದ್ದರೆ ಅದು ಶಾಸನದ ಕಾಲವೋ, ಫೋಟೊ ತೆಗೆದ ದಿನವೋ, ಎಕ್ಸೆಲ್‌ಗೆ ಏರಿಸಿದ ದಿನವೋ ಎಂದು ಎಲ್ಲ ಸದಸ್ಯರನ್ನೂ ಒಬ್ಬೊಬ್ಬರಾಗಿ ಕೇಳಿ ನೋಡಿ. ಒಂದೇ ಉತ್ತರ ಬರುವುದು ಅಪರೂಪ.

ಗುರುತಿನ ಸ್ವಭಾವವನ್ನು ಅರ್ಥ ಮಾಡಿಕೊಳ್ಳಲು ಪಹಣಿಯನ್ನು ನೆನೆದರೆ ಸಾಕು. ಜಮೀನಿನ ಮಾಲೀಕ ಬದಲಾಗುತ್ತಾನೆ, ಬೆಳೆ ಬದಲಾಗುತ್ತದೆ, ಖಾತೆ ಬದಲಾಗುತ್ತದೆ. ಸರ್ವೆ ನಂಬರ್ ಹಾಗೆಯೇ ನಿಲ್ಲುತ್ತದೆ, ಭಾಗವಾದಾಗ ಹಿಸ್ಸಾ ಸೇರಿಕೊಳ್ಳುತ್ತದೆಯೇ ವಿನಾ ಹಳೆಯ ನಂಬರನ್ನು ಪಕ್ಕದ ಹೊಲಕ್ಕೆ ಕೊಡುವುದಿಲ್ಲ. ಬದಲಾಗುವ ವಿಷಯಗಳನ್ನೆಲ್ಲ ಸಂಖ್ಯೆಯ ಹೊರಗಿಟ್ಟು ಬರೆಯುವುದರಿಂದಲೇ ಆ ವ್ಯವಸ್ಥೆ ಇಷ್ಟು ಕಾಲ ನಡೆದುಬಂದಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಬೇಗೂರು ಶಾಸನ’ ಎಂದು ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ. ಅದು ಯಾವುದು? ಬೆಂಗಳೂರಿನ ಕಾಳಗವನ್ನು ಹೇಳುವ, ಸುಮಾರು ಕ್ರಿ.ಶ. 890ರದೆಂದು ಗುರುತಿಸಲಾದ ಶಾಸನ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲೇ ಇದೆ. ಯುದ್ಧದ ದೃಶ್ಯವನ್ನು ತುಂಬ ಸೊಗಸಾಗಿ ಕೆತ್ತಿರುವ, ನಾಗತ್ತರನ ಹೆಸರಿನ ಪ್ರಸಿದ್ಧ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರಡೂ ಗಂಗರ ಕಾಲದವು, ಎರಡೂ ಬೇಗೂರಿನವು, ಎರಡನ್ನೂ ಜನ ‘ಬೇಗೂರು ಶಾಸನ’ ಎಂದೇ ಕರೆಯುತ್ತಾರೆ. ಒಬ್ಬ ಸದಸ್ಯರು ಬೇಗೂರಿಗೆ ಹೋಗಿ, ಇನ್ನೊಬ್ಬರು ವಸ್ತುಸಂಗ್ರಹಾಲಯಕ್ಕೆ ಹೋಗಿ, ಮೂರನೆಯವರು ಎಪಿಗ್ರಾಫಿಯಾ ನೋಡಿ ಬರೆದ ಮೂರು ಸಾಲುಗಳಲ್ಲಿ ಯಾವ ಎರಡು ಒಂದೇ ಎಂಬುದನ್ನು ಹೆಸರಿನಿಂದ ಹೇಳಲು ಸಾಧ್ಯವೇ ಇಲ್ಲ.

ಇದರ ಜೊತೆಗೆ, ಒಂದೇ ಕಲ್ಲಿನ ಸುತ್ತ ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು ಮನಸ್ಸಿನಲ್ಲಿಡಬೇಕು: ಕಲ್ಲು ಎಂಬ ಭೌತಿಕ ವಸ್ತು, ಅದರ ಮೇಲಿನ ಬರಹ, ಆ ಬರಹದ ಮುದ್ರಿತ ಪಾಠ ಅಥವಾ ಫೋಟೊ, ಮತ್ತು ಇವೆಲ್ಲವನ್ನು ವಿವರಿಸುವ ನಿಮ್ಮ ವೆಬ್ ಪುಟ. ಒಂದೇ ಕಲ್ಲಿನ ಎರಡು ಮುಖಗಳಲ್ಲಿ ಎರಡು ಕಾಲದ ಬರಹಗಳಿರಬಹುದು; ಒಂದೇ ಬರಹ ತುಂಡಾದ ಎರಡು ಕಲ್ಲುಗಳಲ್ಲಿ ಹಂಚಿಹೋಗಿರಬಹುದು. ವಸ್ತುಸಂಗ್ರಹಾಲಯಗಳ ಜಗತ್ತಿನಲ್ಲಿ ಬಳಕೆಯಲ್ಲಿರುವ ಸಿಐಡಾಕ್ ಸಿಆರ್‌ಎಂ ಎಂಬ ಮಾದರಿ ಭೌತಿಕ ವಸ್ತುವನ್ನೂ ಅದರ ಮೇಲಿನ ಬರಹವನ್ನೂ ಬೇರೆ ವರ್ಗಗಳಾಗಿಯೇ ಇಡುತ್ತದೆ. ಅದು ಐಎಸ್‌ಒ 21127 ಎಂಬ ಅಂತರರಾಷ್ಟ್ರೀಯ ಮಾನಕವೂ ಹೌದು. ಇಡೀ ಮಾದರಿಯನ್ನು ನೀವು ಅಳವಡಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಕಲ್ಲಿಗೊಂದು ಹಾಳೆ, ಬರಹಕ್ಕೊಂದು ಹಾಳೆ, ಫೋಟೊಗೊಂದು ಹಾಳೆ ಎಂದು ಎಕ್ಸೆಲ್‌ನಲ್ಲೇ ಬೇರ್ಪಡಿಸಿ, ಪ್ರತಿ ಬರಹದ ಎದುರು ಅದು ಯಾವ ಕಲ್ಲಿನ ಮೇಲಿದೆ ಎಂದು ಕಲ್ಲಿನ ಸಂಖ್ಯೆ ಬರೆದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ವೆಬ್‌ಗೆ ಏರಿಸುವಾಗ ಕಲ್ಲಿಗೂ ಅದನ್ನು ವಿವರಿಸುವ ಪುಟಕ್ಕೂ ಒಂದೇ ವಿಳಾಸ ಕೊಡಬೇಡಿ. ಕಲ್ಲಿನ ವಿಳಾಸವನ್ನು ಕೇಳಿದವರಿಗೆ ಸರ್ವರ್ ‘ಇದರ ವಿವರ ಆ ಪುಟದಲ್ಲಿದೆ’ ಎಂದು 303 ಎಂಬ ಸಂಕೇತದೊಂದಿಗೆ ಉತ್ತರಿಸುವ ಪದ್ಧತಿ ಇದಕ್ಕಾಗಿಯೇ 2005ರಿಂದ ಇದೆ. ಇಲ್ಲವಾದರೆ ‘2019ರಲ್ಲಿ ರಚಿಸಲಾಯಿತು’ ಎಂಬ ಹೇಳಿಕೆ ನಿಮ್ಮ ಪುಟದ ಬಗ್ಗೆಯೋ ಒಂಬತ್ತನೆಯ ಶತಮಾನದ ಕಲ್ಲಿನ ಬಗ್ಗೆಯೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಜಿಪಿಎಸ್ ಅಂಕಿಯ ಬಗ್ಗೆ ಕೇಳಿದ್ದೀರಿ. ಅಕ್ಷಾಂಶವನ್ನು ದಶಮಾಂಶದ ಐದು ಸ್ಥಾನಗಳವರೆಗೆ ಬರೆದರೆ ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮತೆ ಸಿಗುತ್ತದೆ ಎಂಬುದು ಲೆಕ್ಕದ ಮಾತು. ಮರದ ನೆರಳಿನಲ್ಲಿ, ಗೋಡೆಯ ಪಕ್ಕದಲ್ಲಿ ಹಿಡಿದ ಮೊಬೈಲ್ ಹಲವು ಮೀಟರುಗಳಷ್ಟು ತಪ್ಪುವುದು ಸಾಮಾನ್ಯ. ದೇವಸ್ಥಾನದ ಅಂಗಳದಲ್ಲಿ ಮೂರು ವೀರಗಲ್ಲುಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೆ ಮೂರಕ್ಕೂ ಒಂದೇ ಅಂಕಿ ಬರುತ್ತದೆ, ಒಂದೇ ಕಲ್ಲನ್ನು ಇಬ್ಬರು ಅಳೆದರೆ ಎರಡು ಅಂಕಿ ಬರುತ್ತದೆ. ಅದಕ್ಕಿಂತ ದೊಡ್ಡ ಅಡಚಣೆಯೆಂದರೆ ಈ ಊರಿನಲ್ಲಿ ಕಲ್ಲುಗಳು ನಿಂತಲ್ಲಿ ನಿಲ್ಲುವುದಿಲ್ಲ: ರಸ್ತೆ ಅಗಲವಾಗುತ್ತದೆ, ಕೆರೆಯಂಗಳ ಬಡಾವಣೆಯಾಗುತ್ತದೆ, ದೇವಸ್ಥಾನದ ಜೀರ್ಣೋದ್ಧಾರವಾಗುತ್ತದೆ. ಆದ್ದರಿಂದ ಜಿಪಿಎಸ್ ಅಂಕಿಯನ್ನು ‘ಇಂಥ ದಿನ ಇಲ್ಲಿತ್ತು’ ಎಂಬ ದಿನಾಂಕಸಹಿತ ಹೇಳಿಕೆಯಾಗಿ ಇಟ್ಟುಕೊಳ್ಳಿ. ಕಲ್ಲು ಸ್ಥಳಾಂತರವಾದಾಗ ಹೊಸ ಸಾಲು ಸೇರಿಸಿ, ಹಳೆಯದನ್ನು ಅಳಿಸಬೇಡಿ.

ಊರಿನ ಹೆಸರೂ ಗುರುತಾಗಲಾರದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಅಂದು ಬಿಜಾಪುರ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇದ್ದೇ ಇದೆ. ನಿಮ್ಮ ‘ಬೆಂಗಳೂರು ದಕ್ಷಿಣ’ ಲೋಕಸಭಾ ಕ್ಷೇತ್ರದ ಹೆಸರೂ ಹೌದು, ತಾಲ್ಲೂಕಿನ ಹೆಸರೂ ಹೌದು. 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರಿಡಲು ರಾಜ್ಯ ಸಂಪುಟ ತೀರ್ಮಾನಿಸಿತು. ಹಳ್ಳಿ, ಹೋಬಳಿ, ತಾಲ್ಲೂಕುಗಳಿಗೆ ನೀವೇ ಸಂಖ್ಯೆ ಸೃಷ್ಟಿಸುವ ಬದಲು ಈಗಾಗಲೇ ಇರುವುದನ್ನು ಬಳಸಿ: ಜನಗಣತಿಯ ಗ್ರಾಮ ಸಂಕೇತವಿದೆ, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸಂಸ್ಥೆಗಳ ಕೋಶದಲ್ಲಿ ಪ್ರತಿ ಗ್ರಾಮಕ್ಕೂ ಸಂಕೇತವಿದೆ, ವಿಕಿಡೇಟಾದಲ್ಲಿ ಬೆಂಗಳೂರಿಗೆ ಕ್ಯೂ1355, ಕರ್ನಾಟಕಕ್ಕೆ ಕ್ಯೂ1185 ಎಂಬ ಗುರುತುಗಳಿವೆ. ಬೆಂಗಳೂರು, ಬ್ಯಾಂಗಲೂರ್ ಎಂದು ಯಾರು ಹೇಗೆ ಬರೆದರೂ ಕ್ಯೂ1355 ಒಂದೇ ಆಗಿರುತ್ತದೆ. ಪಿನ್ ಕೋಡ್ ಮಾತ್ರ ಬೇಡ. ಅದು ಅಂಚೆ ಬಟವಾಡೆಯ ಅನುಕೂಲಕ್ಕೆ ಮಾಡಿದ ವಿಭಾಗ, ಊರಿನ ಗಡಿಗೆ ಅದು ಹೊಂದುವುದಿಲ್ಲ.

ಕನ್ನಡ ಅಕ್ಷರಗಳನ್ನೇ ಗುರುತಿನಲ್ಲಿ ಸೇರಿಸಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ, ಮಾನಕಗಳೂ ಅದನ್ನು ಒಪ್ಪುತ್ತವೆ. ಆದರೂ ಬೇಡ ಎನ್ನುತ್ತೇನೆ. ‘ಬೇಗೂರು’ ಎಂಬ ಪದದ ‘ೇ’ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಸೇರಿದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಪದಗಳು. ಅದೇ ಪದವನ್ನು ವೆಬ್ ವಿಳಾಸದಲ್ಲಿ ಇಟ್ಟು ಇನ್ನೊಂದು ಕಡೆ ಅಂಟಿಸಿದರೆ ಒಂದೊಂದು ಸಂಕೇತವೂ ಒಂಬತ್ತು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಾಗಿ ಬಿಚ್ಚಿಕೊಂಡು, ಆರು ಸಂಕೇತಗಳ ‘ಬೇಗೂರು’ 54 ಅಕ್ಷರಗಳ ಸರಮಾಲೆಯಾಗುತ್ತದೆ. ಇನ್ನು ನುಡಿ ಅಕ್ಷರಶೈಲಿಯ ಸಾಲುಗಳಂತೂ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಬೇರೆ ಯಾವ ಕೆಲಸಕ್ಕೂ ಮುಂಚೆ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ಪರಿಶೀಲಿಸಿ. ಗುರುತು ಬರೀ ಅಂಕಿಯಾಗಿರಲಿ, ಅದರಲ್ಲಿ ಊರಾಗಲಿ ರಾಜವಂಶವಾಗಲಿ ಕಾಲವಾಗಲಿ ಅಡಗಿರದಿರಲಿ, ಏಕೆಂದರೆ ನಾಳೆ ವಿದ್ವಾಂಸರೊಬ್ಬರು ಅದು ಗಂಗರದಲ್ಲ, ನೊಳಂಬರದು ಎಂದು ತೋರಿಸಿಕೊಡಬಹುದು. ಹೆಸರುಗಳೆಲ್ಲ, ಕನ್ನಡದ್ದೂ ಇಂಗ್ಲಿಷಿನದೂ, ಭಾಷೆಯ ಗುರುತು ಹಚ್ಚಿಕೊಂಡು ಪಕ್ಕದ ಕಾಲಮ್ಮುಗಳಲ್ಲಿರಲಿ.

ಎಐ ಬಂದ ಮೇಲೆ ಇದೆಲ್ಲ ಬೇಡ ಎನ್ನುವ ನಿಮ್ಮ ಸದಸ್ಯರ ಮಾತಿನಲ್ಲಿ ಅರ್ಧ ನಿಜವಿದೆ. ‘ಬೆಂ. ದ. ತಾ.’ ಎಂದರೆ ಬೆಂಗಳೂರು ದಕ್ಷಿಣ ತಾಲ್ಲೂಕು ಇರಬಹುದು, ಈ ಎರಡು ಸಾಲುಗಳು ಒಂದೇ ಕಲ್ಲಿನವು ಇರಬಹುದು ಎಂದು ಸೂಚಿಸುವುದರಲ್ಲಿ ಇಂದಿನ ಭಾಷಾ ಮಾದರಿಗಳು ನಿಜಕ್ಕೂ ನೆರವಾಗುತ್ತವೆ. ಸಾವಿರ ಸಾಲುಗಳನ್ನು ಹೋಲಿಸುವ ಮೊದಲ ಸುತ್ತಿಗೆ ಅವುಗಳನ್ನು ಬಳಸಿ ಎಂದೇ ಹೇಳುತ್ತೇನೆ. ಆದರೆ ಪಠ್ಯದಲ್ಲಿ ಇಲ್ಲದ ಸಂಗತಿಯನ್ನು ಅವು ತಿಳಿಯಲಾರವು. ಅಂಗಳದ ಮೂರು ಕಲ್ಲುಗಳಲ್ಲಿ ಎಡಗಡೆಯದೇ 1905ರಲ್ಲಿ ರೈಸ್ ಅಚ್ಚು ಹಾಕಿಸಿದ್ದು ಎಂಬುದನ್ನು ಅಲ್ಲಿಗೆ ಹೋಗಿ ಅಕ್ಷರಗಳನ್ನು ಪಾಠದೊಂದಿಗೆ ತಾಳೆ ನೋಡಿದವರು ಮಾತ್ರ ಹೇಳಬಲ್ಲರು. ಹಾಗೆ ತಾಳೆ ನೋಡಿ ಕಂಡುಕೊಂಡದ್ದನ್ನು ದಾಖಲಿಸುವ ಸ್ಥಳವೇ ಗುರುತು ಸಂಖ್ಯೆ. ಮಾದರಿ ಇವತ್ತು ಒಂದು ಊಹೆ, ನಾಳೆ ಇನ್ನೊಂದು ಊಹೆ ಕೊಡಬಹುದು. ನಿಮ್ಮ ಸದಸ್ಯರು ಬಿಸಿಲಿನಲ್ಲಿ ನಿಂತು ಓದಿದ್ದು ಹಾಗೆ ಕರಗಿಹೋಗಬಾರದು.

ಸೆಮ್ಯಾಂಟಿಕ್ ವೆಬ್, ಅಂದರೆ ಯಂತ್ರಕ್ಕೂ ಅರ್ಥವಾಗುವ ವೆಬ್, ಸತ್ತುಹೋಯಿತು ಎಂದು ಕೆಲವರು ಹೇಳುವ ಮಾತೂ ಹಾಗೆಯೇ. 2001ರ ಸುಮಾರಿಗೆ ಕಟ್ಟಿಕೊಂಡಿದ್ದ ಕನಸು, ಅಂದರೆ ಇಡೀ ವೆಬ್‌ನಲ್ಲಿ ತಂತ್ರಾಂಶಗಳು ತಾವಾಗಿ ಓಡಾಡಿ ನಮ್ಮ ಕೆಲಸ ಮುಗಿಸಿಕೊಡುತ್ತವೆ ಎಂಬುದು, ಆ ರೂಪದಲ್ಲಿ ನನಸಾಗಲಿಲ್ಲ. ಆದರೆ 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಮಾನ ಪದಕೋಶ ತಂದವು, 2012ರಲ್ಲಿ ವಿಕಿಡೇಟಾ ಬಂತು, 2014ರಲ್ಲಿ ಜೇಸನ್-ಎಲ್‌ಡಿ ಎಂಬ ಸರಳ ಬರವಣಿಗೆಯ ಕ್ರಮ ಮಾನಕವಾಯಿತು. ಹುಡುಕಾಟದ ಫಲಿತಾಂಶದ ಪಕ್ಕದಲ್ಲಿ ನೀವು ಕಾಣುವ ಮಾಹಿತಿ ಚೌಕಗಳ ಹಿಂದೆ ಇಂಥ ಗುರುತುಗಳೇ ಇವೆ. ಸ್ಕೀಮಾ ಅಳವಡಿಸಿದರೆ ಗೂಗಲ್‌ನಲ್ಲಿ ನಿಮ್ಮ ಪುಟ ಮೊದಲು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿ. ಅಂಥ ಖಾತರಿಯನ್ನು ಗೂಗಲ್ ಕೊಡುವುದಿಲ್ಲ.

ಇನ್ನು ಹಣ ಮತ್ತು ಬಾಳಿಕೆ. ಕಂಪನಿ ಹೇಳಿದ ಸರ್ವರ್ ಬಹುಶಃ ಆರ್‌ಡಿಎಫ್ ಹೇಳಿಕೆಗಳನ್ನು ಕೂಡಿಟ್ಟು ಸ್ಪಾರ್ಕ್ಲ್ ಭಾಷೆಯ ಪ್ರಶ್ನೆಗಳಿಗೆ ಉತ್ತರಿಸುವ ದತ್ತಸಂಚಯ. ಕೋಟಿಗಟ್ಟಲೆ ಹೇಳಿಕೆಗಳಿರುವ ಕಡೆ ಅದು ಬೇಕು. ನಿಮ್ಮ ಸಾವಿರ ಕಲ್ಲುಗಳಿಗೆ ಒಂದು ಸಿಎಸ್‌ವಿ ಕಡತ (ಎಕ್ಸೆಲ್ ಹಾಳೆಯ ಸಾದಾ ಪಠ್ಯರೂಪ) ಮತ್ತು ಅದರಿಂದ ತಯಾರಾದ ಸಾದಾ ಪುಟಗಳು ಧಾರಾಳವಾಗಿ ಸಾಕು, ಪ್ರತಿ ಪುಟದೊಳಗೆ ಜೇಸನ್-ಎಲ್‌ಡಿಯ ಹತ್ತಿಪ್ಪತ್ತು ಸಾಲು ಸೇರಿಸಿದರೆ ಯಂತ್ರಕ್ಕೂ ಅರ್ಥವಾಗುತ್ತದೆ. ಆ ಹಣವನ್ನು ಓಡಾಟಕ್ಕೆ, ಒಳ್ಳೆಯ ಕ್ಯಾಮೆರಾಕ್ಕೆ ಬಳಸಿ.

ವಿಳಾಸ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಮಾತ್ರ ನಿಧಾನವಾಗಿ ಯೋಚಿಸಿ. ಸ್ವಂತ ಡೊಮೇನ್ ಕೊಂಡರೆ ಪೂರ್ಣ ಸ್ವಾತಂತ್ರ್ಯ, ಆದರೆ ನವೀಕರಣದ ಶುಲ್ಕ ಕಟ್ಟುವವರು ಒಂದು ವರ್ಷ ಮರೆತರೂ ಆ ಹೆಸರು ಬೇರೆ ಯಾರದೋ ಪಾಲಾಗಿ ನಿಮ್ಮ ಅಷ್ಟೂ ಗುರುತುಗಳು ಜಾಹೀರಾತು ಪುಟಕ್ಕೆ ಹೋಗಿ ನಿಲ್ಲಬಹುದು. ಸ್ವಯಂಸೇವಕರ ತಂಡಗಳಲ್ಲಿ ಹೀಗಾಗುವುದನ್ನು ನಾನು ನೋಡಿದ್ದೇನೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಸಮುದಾಯ ಗುಂಪೊಂದು ನಡೆಸುವ ಡಬ್ಲ್ಯು3ಐಡಿ ಎಂಬ ಉಚಿತ ಸೇವೆಯಲ್ಲಿ ವಿಳಾಸದ ಮುಂಭಾಗ ಅವರದು, ಅದನ್ನು ಎಲ್ಲಿಗೆ ಕಳುಹಿಸಬೇಕೆಂಬ ನಿರ್ದೇಶನ ನಿಮ್ಮದು. ನಿಮ್ಮ ಜಾಲತಾಣ ಬದಲಾದರೆ ನಿರ್ದೇಶನ ಬದಲಿಸಿದರಾಯಿತು, ಗುರುತು ಬದಲಾಗುವುದಿಲ್ಲ. ಎಆರ್‌ಕೆ ಎಂಬ ಶಾಶ್ವತ ಗುರುತಿನ ವ್ಯವಸ್ಥೆಯೂ ಉಚಿತ, ಗ್ರಂಥಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿದೆ, ಆದರೆ ಅದಕ್ಕೆ ಬೆನ್ನೆಲುಬಾಗಿ ಒಂದು ಸಂಸ್ಥೆ ಇರುವುದು ಒಳ್ಳೆಯದು. ಇವುಗಳಲ್ಲಿ ನಿಮಗೆ ಡಬ್ಲ್ಯು3ಐಡಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಇಡೀ ಸಿಎಸ್‌ವಿ ಕಡತವನ್ನು ಯುರೋಪಿನ ಸರ್ನ್ ಸಂಸ್ಥೆ ನಡೆಸುವ ಜೆನೋಡೊ ಎಂಬ ದತ್ತಾಂಶ ಭಂಡಾರದಲ್ಲಿ ವರ್ಷಕ್ಕೊಮ್ಮೆ ಠೇವಣಿ ಇಡಿ. ಅಲ್ಲಿ ಪ್ರತಿ ಆವೃತ್ತಿಗೂ ಡಿಒಐ ಎಂಬ ಶಾಶ್ವತ ಗುರುತು ಉಚಿತವಾಗಿ ಸಿಗುತ್ತದೆ, ಮತ್ತು ನಿಮ್ಮ ಜಾಲತಾಣ ನಿಂತುಹೋದರೂ ಕಡತ ಅಲ್ಲಿ ಇರುತ್ತದೆ.

ವಿಕಿಡೇಟಾವನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ನಿಜ, ಪ್ರತಿ ತಿದ್ದುಪಡಿಯ ಇತಿಹಾಸ ಉಳಿಯುತ್ತದೆ ಮತ್ತು ಹಿಂದಕ್ಕೆ ತರಬಹುದು ಎಂಬುದೂ ನಿಜ. ನೀವು ಹೆಚ್ಚು ಯೋಚಿಸಬೇಕಾದ ಸಂಗತಿ ಬೇರೆ: ಅಲ್ಲಿಗೆ ಹಾಕಿದ ದತ್ತಾಂಶ ಸಿಸಿ0 ಷರತ್ತಿನಡಿ ಹೋಗುತ್ತದೆ, ಅಂದರೆ ನಿಮ್ಮ ಹೆಸರು ಹೇಳಬೇಕಾದ ಕಟ್ಟುಪಾಡೂ ಇಲ್ಲದೆ ಯಾರು ಬೇಕಾದರೂ ಬಳಸಬಹುದು, ಅದನ್ನು ಮತ್ತೆ ಹಿಂಪಡೆಯಲಾಗದು. ಮೂಲವಾಗಿ ನಿಮ್ಮ ಪಟ್ಟಿಯೇ ಇರಲಿ; ಎಪಿಗ್ರಾಫಿಯಾದಂಥ ಪ್ರಕಟಿತ ಆಧಾರವಿರುವ ಕಲ್ಲುಗಳನ್ನು ಮಾತ್ರ ವಿಕಿಡೇಟಾಕ್ಕೆ ಸೇರಿಸಿ, ಅಲ್ಲಿನ ಕ್ಯೂ ಸಂಖ್ಯೆಯನ್ನು ನಿಮ್ಮಲ್ಲಿ ಬರೆದುಕೊಳ್ಳಿ.

ಹೀಗೆ ಇನ್ನೊಬ್ಬರ ಗುರುತಿಗೆ ಕೊಂಡಿ ಹಾಕುವಾಗ ಒಂದು ಎಚ್ಚರ ಬೇಕು. ‘ಇದೂ ಅದೂ ಒಂದೇ’ ಎಂದು ಹೇಳುವ ‘ಸೇಮ್ ಆ್ಯಸ್’ ಎಂಬ ಸಂಬಂಧಕ್ಕೆ ತರ್ಕದಲ್ಲಿ ಕಟ್ಟುನಿಟ್ಟಾದ ಅರ್ಥವಿದೆ: ಒಂದರ ಬಗ್ಗೆ ನಿಜವಾದದ್ದೆಲ್ಲ ಇನ್ನೊಂದರ ಬಗ್ಗೆಯೂ ನಿಜ. ನಿಮ್ಮ ಗುರುತು ಕಲ್ಲಿನದು, ಅವರದು ಬರಹದ್ದು ಆಗಿದ್ದಾಗ ಎರಡನ್ನೂ ಹಾಗೆ ಜೋಡಿಸಿದರೆ, ಬರಹವನ್ನು ಕಣಶಿಲೆಯಿಂದ ಮಾಡಲಾಗಿದೆ, ಕಲ್ಲು ಹಳಗನ್ನಡ ಭಾಷೆಯಲ್ಲಿದೆ ಎಂದೆಲ್ಲ ಯಂತ್ರ ಪ್ರಾಮಾಣಿಕವಾಗಿಯೇ ತೀರ್ಮಾನಿಸುತ್ತದೆ, ಮತ್ತು ಆ ತಪ್ಪು ನಿಮ್ಮಿಂದ ಅವರಿಗೆ, ಅವರಿಂದ ಮತ್ತೊಬ್ಬರಿಗೆ ಹರಡುತ್ತದೆ. ಕಲ್ಲನ್ನು ಕಲ್ಲಿಗೆ, ಬರಹವನ್ನು ಬರಹಕ್ಕೆ ಮಾತ್ರ ಜೋಡಿಸಿ. ಖಚಿತವಿಲ್ಲದ ಕಡೆ ‘ಇದನ್ನೂ ನೋಡಿ’ ಎಂಬ ಸಡಿಲ ಸಂಬಂಧ ಸಾಕು. ಯಾರು, ಯಾವಾಗ, ಯಾವ ಆಧಾರದ ಮೇಲೆ ಜೋಡಿಸಿದರು ಎಂಬುದನ್ನೂ ಒಂದು ಕಾಲಂನಲ್ಲಿ ಬರೆಯಿರಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ನಮ್ಮ ರಾಜ್ಯದಲ್ಲಿ ನಿಧಿಯ ಆಸೆಗೆ ಹಳೆಯ ಕಲ್ಲುಗಳ ಬುಡ ಅಗೆಯುವವರು ಇಂದಿಗೂ ಇದ್ದಾರೆ. ಊರ ಹೊರಗೆ, ತೋಪಿನಲ್ಲಿ, ಕಾವಲಿಲ್ಲದೆ ನಿಂತಿರುವ ವೀರಗಲ್ಲಿನ ಸ್ಥಳವನ್ನು ಮೀಟರಿನ ಲೆಕ್ಕದಲ್ಲಿ ಎಲ್ಲರಿಗೂ ತೆರೆದಿಡುವುದು ಅಪಾಯ. ಅಂಥವುಗಳಿಗೆ ಪ್ರಕಟಿತ ಕಡತದಲ್ಲಿ ದಶಮಾಂಶದ ಎರಡೇ ಸ್ಥಾನ ಕೊಡಿ, ಸುಮಾರು ಒಂದು ಕಿಲೋಮೀಟರಿನ ಅಂದಾಜು ಸಿಗುತ್ತದೆ. ನಿಖರ ಅಂಕಿ ತಂಡದೊಳಗಿನ ಕಡತದಲ್ಲಿರಲಿ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದರೆ, ಪಟ್ಟಿಯನ್ನು ಯೂನಿಕೋಡ್‌ಗೆ ತಂದ ಕೂಡಲೇ ಪ್ರತಿ ಸಾಲಿಗೂ ಒಂದು ಅಂಕಿ ಕೊಟ್ಟುಬಿಡಿ, ನಕಲುಗಳಿದ್ದರೂ ಪರವಾಗಿಲ್ಲ. ಆಮೇಲೆ ಮೂರು ಸಾಲುಗಳು ಒಂದೇ ಕಲ್ಲಿನವೆಂದು ಖಚಿತವಾದಾಗ ಒಂದನ್ನು ಉಳಿಸಿಕೊಂಡು ಉಳಿದೆರಡರ ಎದುರು ‘ಇಂಥ ಸಂಖ್ಯೆಗೆ ಸೇರಿಸಲಾಗಿದೆ’ ಎಂದು ಬರೆಯಿರಿ. ಆ ಎರಡು ಸಂಖ್ಯೆಗಳನ್ನು ಅಳಿಸಬೇಡಿ, ಹೊಸ ಕಲ್ಲಿಗೆ ಮರುಬಳಕೆ ಮಾಡಲೂ ಬೇಡಿ, ಏಕೆಂದರೆ ಯಾರದೋ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅವು ಆಗಲೇ ಅಚ್ಚಾಗಿರಬಹುದು. ಹಳೆಯ ಸಂಖ್ಯೆ ಕೇಳಿದವರನ್ನು ಹೊಸದಕ್ಕೆ ಕಳುಹಿಸುವ ನಿರ್ದೇಶನ ಡಬ್ಲ್ಯು3ಐಡಿಯಲ್ಲಿ ಒಂದು ಸಾಲಿನ ಕೆಲಸ. ಅಲ್ಲಿನ ವಿವರಣೆ ಕಡತದಲ್ಲಿ ಹೊಣೆಗಾರರ ಹೆಸರು ಬರೆಯಬೇಕಾಗುತ್ತದೆ. ಕನಿಷ್ಠ ಮೂವರ ಹೆಸರು ಕೊಡಿ, ಅವರಲ್ಲಿ ಒಬ್ಬರಾದರೂ ನಿಮ್ಮ ತಂಡದ ಕಿರಿಯ ಸದಸ್ಯರಾಗಿರಲಿ, ಜೆನೋಡೊ ಖಾತೆಯ ಪ್ರವೇಶವೂ ಅದೇ ಮೂವರ ಬಳಿ ಇರಲಿ.